ಟೊಂಕನೋವೆಂದು ಬೆನ್ನು ಎಳೆಸಿಕೊಳ್ಳುವ ಮುನ್ನ ಓದಿ

ಬೆನ್ನುನೋವಿನ ಜೊತೆಗೆ ಕಾಲು ಬಿಗಿಯುತ್ತಿದ್ದರೆ, ನಡೆಯುವಾಗ ಚಪ್ಪಲಿ ಜಾರಿ ಹೋದರೂ ತಿಳಿಯದಿದ್ದರೆ, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುತ್ತಿದ್ದರೆ, ಮೂತ್ರಕ್ಕೆ ಕುಳಿತರೂ ಬೇಗ ಬಾರದಿದ್ದರೆ, ಅದನ್ನು ಟೊಂಕದ ಉಳುಕೆಂದೋ ಡಿಸ್ಕ್ ಜಾರಿದೆಯೆಂದೋ ತೀರ್ಮಾನಿಸಿ ಮಸಾಜಿಗೂ ಎಳೆತದ ಯಂತ್ರಕ್ಕೂ ಮೈಯೊಡ್ಡಬೇಡಿ. ಇವು ಬೆನ್ನುಹುರಿಯೇ ಒತ್ತಡಕ್ಕೆ ಸಿಕ್ಕಿದೆಯೆಂದು ತಿಳಿಸುವ ಲಕ್ಷಣಗಳಾಗಿರಬಹುದು. ನಮ್ಮ ಕಾಕಾ ಅವರಲ್ಲಿ ಇವೆಲ್ಲವೂ ಒಂದರ ಹಿಂದೊಂದು ಕಾಣಿಸಿಕೊಂಡವು. ಹುಬ್ಬಳ್ಳಿಯ ಒಂದು ಖಾಸಗಿ ಬೆನ್ನುನೋವು ಚಿಕಿತ್ಸಾ ಕೇಂದ್ರವು ಇವೆಲ್ಲಕ್ಕೂ ಒಂದೇ ಉತ್ತರ ಕೊಟ್ಟು ಮುಂಗಡ ಹಣ ಕಟ್ಟಿಸಿಕೊಂಡಿತು.

ಕಾಕಾ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡಿದವರು. ಮೆಣಸಿನಕಾಯಿ ಚೀಲ ಹೊತ್ತು ಬೆಳೆದ ಬೆನ್ನಿಗೆ ನೋವು ಹೊಸದಲ್ಲ. ಈ ಬಾರಿಯ ನೋವು ರಾತ್ರಿ ಮಲಗಿದಾಗಲೂ ಬಿಡುತ್ತಿರಲಿಲ್ಲ, ನಡುಬೆನ್ನಿನಿಂದ ಹೊರಟು ಪಕ್ಕೆಲುಬಿನ ಗುಂಟ ಹೊಟ್ಟೆಯತ್ತ ಸುತ್ತಿಕೊಳ್ಳುತ್ತಿತ್ತು. ಊರಿನಲ್ಲಿ ಅದಕ್ಕೆ ಗ್ಯಾಸಿನ ಗುಳಿಗೆ ಕೊಟ್ಟರು. ತೂಕ ಇಳಿದದ್ದನ್ನು ಬಿಸಿಲಿನ ಪಾಲಿಗೆ ಬಿಟ್ಟರು. ಕಾಲು ತೊಡರತೊಡಗಿದ ಮೇಲೆ, ಶಸ್ತ್ರಚಿಕಿತ್ಸೆಯಿಲ್ಲದೆ ಗ್ಯಾರಂಟಿ ಗುಣ ಎಂಬ ಫಲಕವಿದ್ದ ಆ ಕೇಂದ್ರಕ್ಕೆ ಕಾಕು ಅವರೊಂದಿಗೆ ಹೋದರು.

ಅಲ್ಲಿ ಯಾರೂ ಅವರ ಕಾಲನ್ನು ಮುಟ್ಟಿ ನೋಡಲಿಲ್ಲ, ಅಂಗಿ ಬಿಚ್ಚಿಸಿ ಬೆನ್ನನ್ನು ಪರೀಕ್ಷಿಸಲಿಲ್ಲ. ಟೊಂಕದ ಎಕ್ಸ್‌ರೇ, ಮರುದಿನ ಟೊಂಕದ ಭಾಗಕ್ಕೆ ಮಾತ್ರ ಎಂಆರ್‌ಐ ಆಯಿತು. ವರದಿಯಲ್ಲಿ ಡಿಸ್ಕ್ ಉಬ್ಬಿದೆ ಎಂಬ ಸಾಲಿತ್ತು. ಆ ಸಾಲನ್ನು ಕೆಂಪು ಪೆನ್ನಿನಿಂದ ಸುತ್ತು ಹಾಕಿ ತೋರಿಸಿ, ಇದೇ ರೋಗವೆಂದು ಹೇಳಿ, ಎಳೆತ, ಶಾಖ ಮತ್ತು ಗುಳಿಗೆಗಳು ಸೇರಿದ ಪ್ಯಾಕೇಜಿನ ಹಣ ಪಡೆದರು.

ಡಿಸ್ಕ್ ಉಬ್ಬಿದೆ ಎಂಬ ವಾಕ್ಯಕ್ಕೆ ಹೆದರುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ಚಿತ್ರಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲಿಯೇ ಸುಮಾರು ಶೇ. 30, ಐವತ್ತರವರಲ್ಲಿ ಶೇ. 60, ಎಂಬತ್ತರವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಉಬ್ಬು ಕಾಣುತ್ತದೆ. ಐವತ್ತು ದಾಟಿದ ಹಮಾಲಿಯೊಬ್ಬರ ಟೊಂಕದ ಚಿತ್ರ ತೆಗೆದಾಗ ಅಲ್ಲಿ ಉಬ್ಬು ಸಿಕ್ಕರೆ ಆಶ್ಚರ್ಯವೇನಿಲ್ಲ. ಅದು ಸಿಕ್ಕಿತೆಂಬ ಮಾತ್ರಕ್ಕೆ ರೋಗಿಯ ಕಷ್ಟಕ್ಕೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಚಿತ್ರ ತೆಗೆದ ಜಾಗದಲ್ಲಿತ್ತು. ಬೆನ್ನುಮೂಳೆಯು ಕತ್ತಿನಿಂದ ಬಾಲದೆಲುಬಿನವರೆಗೆ ಇದ್ದರೂ, ಅದರ ಒಳಗಿರುವ ಬೆನ್ನುಹುರಿಯು ವಯಸ್ಕರಲ್ಲಿ ಸುಮಾರು 45 ಸೆಂ.ಮೀ. ಉದ್ದವಿದ್ದು, ಟೊಂಕದ ಮೊದಲ ಅಥವಾ ಎರಡನೆಯ ಕಶೇರುಮಣಿಯ (ಬೆನ್ನುಮೂಳೆಯ ಬಿಡಿ ಎಲುಬಿನ) ಮಟ್ಟದಲ್ಲಿಯೇ ಮುಗಿದುಹೋಗುತ್ತದೆ. ಅದರ ಕೆಳಗಿರುವುದು ನರಗಳ ಗೊಂಚಲು. ಆ ಗೊಂಚಲು ಒತ್ತಡಕ್ಕೆ ಸಿಕ್ಕಿದರೆ ಕಾಲು ಸಡಿಲವಾಗಿ ಸೋಲುತ್ತದೆ. ಬೆನ್ನುಹುರಿಯೇ ನಿಧಾನವಾಗಿ ಒತ್ತಲ್ಪಟ್ಟರೆ ಕಾಲು ಬಿಗಿದು, ಸೆಟೆದು, ತೊಡರುತ್ತದೆ. ಕಾಕಾ ಅವರ ಕಾಲು ಬಿಗಿಯುತ್ತಿತ್ತು. ಅಂದರೆ ರೋಗವನ್ನು ಟೊಂಕಕ್ಕಿಂತ ಮೇಲೆ ಹುಡುಕಬೇಕಿತ್ತು, ಮತ್ತು ಟೊಂಕದ ಎಂಆರ್‌ಐ ಚಿತ್ರದಲ್ಲಿ ಬೆನ್ನುಹುರಿಯ ತುದಿಯಷ್ಟೇ ಕಾಣುತ್ತದೆ.

ಎಳೆತ ಆರಂಭವಾದ ಮೇಲೆ ಕಾಲು ಇನ್ನಷ್ಟು ಸೋತಿತು. ಕಾಕು ಅದನ್ನು ಹೇಳಿದಾಗ ಅಲ್ಲಿನ ಸಿಬ್ಬಂದಿ, "ಇದು ನರ ಬಿಡೂ ಲಕ್ಷಣ ಐತ್ರಿ, ಇನ್ನೊಂದ್ ವಾರ ತಡೀರಿ" ಎಂದರು. ನೋವು ಮಾತ್ರ ನಡುವೆ ಸ್ವಲ್ಪ ತಗ್ಗಿತ್ತು. ಗುಳಿಗೆಗಳಲ್ಲಿ ಸ್ಟೀರಾಯ್ಡ್ ಇತ್ತೆಂಬುದು ಆಮೇಲೆ ಬೇರೆ ವೈದ್ಯರು ಚೀಟಿ ಓದಿದಾಗ ತಿಳಿಯಿತು. ಸ್ಟೀರಾಯ್ಡ್ ನೋವನ್ನೂ ಜ್ವರವನ್ನೂ ಅಡಗಿಸಿ, ಒಳಗಿನ ಸೋಂಕು ಬೆಳೆಯಲು ಬಿಡಬಲ್ಲದು. ಬೆನ್ನುಹುರಿಯ ಕೆಲವು ಕಾಯಿಲೆಗಳಿಗೆ ಅದೇ ಸರಿಯಾದ ಮದ್ದು ಎಂಬುದು ನಿಜ. ಯಾವ ಕಾಯಿಲೆ ಎಂದು ತಿಳಿಯುವ ಮೊದಲೇ ಹೆಸರು ಹೇಳದೆ ಕೊಡುವುದು ಮಾತ್ರ ಅಪಾಯ.

ಮೂತ್ರ ಪೂರ್ತಿ ಕಟ್ಟಿದಾಗ ಅವರನ್ನು ವಿದ್ಯಾನಗರದ ಸರ್ಕಾರಿ ಆಸ್ಪತ್ರೆಗೆ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವಲ್ಲಿಗೆ, ಕರೆದೊಯ್ದೆವು. ಅಲ್ಲಿನ ಕಿರಿಯ ವೈದ್ಯೆಯೊಬ್ಬರು ಯಾವ ಯಂತ್ರವನ್ನೂ ಮುಟ್ಟದೆ ಮಾಡಿದ ಪರೀಕ್ಷೆಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಬೀಗದ ಕೈಯ ತುದಿಯಿಂದ ಅಂಗಾಲಿನ ಹೊರ ಅಂಚಿನ ಗುಂಟ ಹಿಮ್ಮಡಿಯಿಂದ ಮೇಲಕ್ಕೆ ಗೆರೆ ಎಳೆದರು. ಹೆಬ್ಬೆರಳು ಕೆಳಗೆ ಮಡಚುವ ಬದಲು ಮೇಲಕ್ಕೆ ಎದ್ದಿತು. ಫ್ರಾನ್ಸಿನ ಜೋಸೆಫ್ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದ ಈ ಲಕ್ಷಣವು ದೊಡ್ಡವರಲ್ಲಿ ಕಂಡರೆ, ಮೆದುಳಿನಲ್ಲಿ ಅಥವಾ ಬೆನ್ನುಹುರಿಯಲ್ಲಿ ತೊಂದರೆ ಇದೆ ಎಂದರ್ಥ. ಬಳಿಕ ಗುಂಡುಸೂಜಿಯಿಂದ ತೊಡೆ, ಕಿಬ್ಬೊಟ್ಟೆ, ಹೊಕ್ಕುಳ ಹೀಗೆ ಮೇಲಕ್ಕೆ ಚುಚ್ಚುತ್ತ ಬಂದರು. ಹೊಕ್ಕುಳಿನ ಮೇಲೆ ಮೂರು ಬೆರಳಿನಷ್ಟು ಹೋದಾಗ ಕಾಕಾ, "ಇಲ್ಲಿ ಚುರ್ ಅಂತರಿ" ಎಂದು ಮುಖ ಕಿವುಚಿದರು. ಹೊಕ್ಕುಳಿನ ಮಟ್ಟದ ಚರ್ಮಕ್ಕೆ ಎದೆಭಾಗದ ಹತ್ತನೆಯ ನರ ಸಂವೇದನೆ ಕೊಡುತ್ತದೆ. ಆದ್ದರಿಂದ ತಡೆ ಅದಕ್ಕಿಂತ ಮೇಲಿದೆ ಎಂದು ಆ ಸೂಜಿಯೇ ತೋರಿಸಿತು. ಕೊನೆಗೆ ಮುಷ್ಟಿಯಿಂದ ಬೆನ್ನಿನ ಮೇಲೆ ಮೆಲ್ಲಗೆ ತಟ್ಟುತ್ತ ಬಂದಾಗ ನಡುಬೆನ್ನಿನ ಒಂದೇ ಜಾಗದಲ್ಲಿ ಅವರು ಚೀರಿದರು. ಪ್ಯಾಕೇಜಿನ ಹಣ ಪಡೆದವರಿಗೆ ಈ ಪರೀಕ್ಷೆಗೆ ಪುರಸೊತ್ತು ಸಿಕ್ಕಿರಲಿಲ್ಲ.

ಎದೆಭಾಗದ ಎಂಆರ್‌ಐ ಚಿತ್ರದಲ್ಲಿ ಏಳನೆಯ ಮತ್ತು ಎಂಟನೆಯ ಕಶೇರುಮಣಿಗಳು ಸವೆದು, ನಡುವಿನ ಡಿಸ್ಕ್ ಹಾಳಾಗಿ, ಸುತ್ತ ತುಂಬಿದ ಕೀವು ಬೆನ್ನುಹುರಿಯನ್ನು ಒತ್ತುತ್ತಿತ್ತು. ಅದು ಬೆನ್ನುಮೂಳೆಯ ಕ್ಷಯ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದ ಕಾರಣ ವೈದ್ಯರು ಇದನ್ನು ಪಾಟ್ಸ್ ಕಾಯಿಲೆ ಎಂದೂ ಕರೆಯುತ್ತಾರೆ. ಎಲುಬಿಗೆ ತಗಲುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನುಮೂಳೆಯಲ್ಲಿಯೇ ಇರುತ್ತದೆ. ಕೆಮ್ಮಿಲ್ಲದೆಯೂ, ಸಂಜೆಯ ಜ್ವರವಿಲ್ಲದೆಯೂ ಬರುತ್ತದೆ. ಎಳೆತದಿಂದ ಎಷ್ಟು ಹಾನಿಯಾಯಿತೆಂದು ಅಳೆದು ಹೇಳಲು ವೈದ್ಯರು ಒಪ್ಪಲಿಲ್ಲ. ಟೊಳ್ಳಾದ ಬೆನ್ನನ್ನು ಎಳೆಯಬಾರದಿತ್ತು ಎಂದಷ್ಟೇ ಹೇಳಿದರು.

ಈಗ ನಮ್ಮ ಬಳಗದವರೂ ಊರವರೂ ಪದೇ ಪದೇ ಕೇಳುವ ವಿಷಯಗಳಿಗೆ ಬರುತ್ತೇನೆ. ಎಕ್ಸ್‌ರೇ ಸರಿಯಿದೆಯಲ್ಲ ಎಂದು ನಿಶ್ಚಿಂತರಾಗಬಹುದೇ? ಆಗದು. ಎಕ್ಸ್‌ರೇಯಲ್ಲಿ ಬೆನ್ನುಹುರಿ ಕಾಣುವುದೇ ಇಲ್ಲ, ಮೂಳೆಯ ಸವೆತವೂ ಅದರ ಖನಿಜಾಂಶ ಮೂರನೇ ಒಂದು ಭಾಗಕ್ಕೂ ಹೆಚ್ಚು ನಷ್ಟವಾಗುವವರೆಗೆ ಸ್ಪಷ್ಟವಾಗದು. ಸಿಟಿ ಸ್ಕ್ಯಾನ್ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಬೆನ್ನುಹುರಿಗೆ ಎಂಆರ್‌ಐ ಬೇಕು. ಎಂಆರ್‌ಐ ಯಂತ್ರದಲ್ಲಿ ವಿಕಿರಣವಿಲ್ಲ, ಅದು ಕಾಂತದ ಬಲದಿಂದ ಕೆಲಸ ಮಾಡುತ್ತದೆ. ಆದ ಕಾರಣ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಮೈಯೊಳಗೆ ಲೋಹವಿರುವವರು ಮೊದಲೇ ಹೇಳಬೇಕು, ಬಣ್ಣದ ಸೂಜಿಮದ್ದು ಹಾಕುವುದಾದರೆ ಮೂತ್ರಪಿಂಡದ ರಕ್ತಪರೀಕ್ಷೆ ಆಗಿರಬೇಕು. ಒಂದು ಭಾಗದ ಎಂಆರ್‌ಐ ಬರೆದುಕೊಟ್ಟಾಗ, ಜೊತೆಗೆ ಇಡೀ ಬೆನ್ನಿನ ಸ್ಕ್ರೀನಿಂಗ್ ಚಿತ್ರವೂ ಬೇಕೇ ಎಂದು ವೈದ್ಯರನ್ನು ಕೇಳಿ. ಅದಕ್ಕೆ ಕೆಲವೇ ನಿಮಿಷ ಹೆಚ್ಚು ಹಿಡಿಯುತ್ತದೆ. ನಮ್ಮ ಮೊದಲ ಸ್ಕ್ಯಾನಿನಲ್ಲಿ ಅದೊಂದನ್ನು ತೆಗೆದಿದ್ದರೆ ಕೀವು ಅಂದೇ ಕಾಣುತ್ತಿತ್ತು.

ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಎಂಬ ಭಯ ನಮ್ಮ ಕಡೆ ಬಹಳ. ಬೆನ್ನಿನ ನೀರು ತೆಗೆಯುವ ಸೂಜಿಯನ್ನು ಟೊಂಕದ ಮೂರನೆಯ ಮತ್ತು ನಾಲ್ಕನೆಯ ಅಥವಾ ನಾಲ್ಕನೆಯ ಮತ್ತು ಐದನೆಯ ಕಶೇರುಮಣಿಗಳ ನಡುವೆ ಹಾಕುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಕೆಲವರಿಗೆ ಕೆಲವು ದಿನ ತಲೆನೋವು ಬರುವುದುಂಟು. ಕಾಕಾ ಅವರಿಗೆ ಮಾಡಿದ್ದು ಬೇರೆ ಪರೀಕ್ಷೆ: ಕೀವಿನ ಮಾದರಿ ತೆಗೆದು ಸಿಬಿನ್ಯಾಟ್ ಯಂತ್ರಕ್ಕೆ ಕಳುಹಿಸಿದರು. ಕ್ಷಯದ ರೋಗಾಣು ಇದೆಯೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಅದಕ್ಕೆ ನಾಟುತ್ತದೆಯೇ ಎಂಬ ಎರಡನ್ನೂ ಅದು ಹೇಳುತ್ತದೆ.

ಮನೆಯವರಿಗೆ ಹರಡುತ್ತದೆಯೇ ಎಂದು ಸೊಸೆಯಂದಿರು ಅಂಜಿದ್ದರು. ಶ್ವಾಸಕೋಶದಲ್ಲಿಯೂ ಕ್ಷಯವಿದ್ದರೆ ಹರಡೀತು, ಬೆನ್ನುಮೂಳೆಯಲ್ಲಿ ಮಾತ್ರ ಇದ್ದರೆ ಹರಡುವುದಿಲ್ಲ. ತಟ್ಟೆ ಲೋಟ ಬೇರೆಯಿಡುವ ಅಗತ್ಯವಿಲ್ಲ. ಗುಳಿಗೆಗಳು ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತವೆ. ಬೆನ್ನುಮೂಳೆಯ ಕ್ಷಯಕ್ಕೆ ಸಾಮಾನ್ಯವಾಗಿ 12 ತಿಂಗಳು, ಅಗತ್ಯ ಬಿದ್ದರೆ 18 ತಿಂಗಳವರೆಗೂ ನುಂಗಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ರಿಫಾಂಪಿಸಿನ್ ಪರಿಣಾಮ, ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ ಅಥವಾ ಬಣ್ಣಗಳು ಮಸುಕಾದರೆ ತಡಮಾಡದೆ ತೋರಿಸಬೇಕು. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ, ಬ್ಯಾಂಕ್ ಖಾತೆಗೇ ಬರುತ್ತದೆ.

ಬೆನ್ನುಮೂಳೆಯ ಕ್ಷಯವಿದ್ದವರಿಗೆಲ್ಲ ಆಪರೇಷನ್ ಬೇಕೆಂದಿಲ್ಲ. ಹೆಚ್ಚಿನವರು ಗುಳಿಗೆಯಿಂದಲೇ ಗುಣವಾಗುತ್ತಾರೆ. ಕಾಲಿನ ಶಕ್ತಿ ಕುಗ್ಗುತ್ತಲೇ ಹೋದರೆ, ಬೆನ್ನು ಬಾಗಿ ಅಸ್ಥಿರವಾದರೆ ಮಾಡುತ್ತಾರೆ. ಕಾಕಾ ಅವರಿಗೆ ಮಾಡಲೇಬೇಕಾಯಿತು. ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ, ಮೂತ್ರಕ್ಕೆ ಇನ್ನೂ ನಳಿಕೆಯ ನೆರವು ಬೇಕು. ಹಾಸಿಗೆ ಹಿಡಿದಿದ್ದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ ಕಾಕು ಅವರಿಂದಾಗಿ ಒಂದು ಹುಣ್ಣೂ ಆಗಲಿಲ್ಲ. ಸಂವೇದನೆ ಇಲ್ಲದ ಚರ್ಮಕ್ಕೆ ಬಿಸಿನೀರಿನ ಚೀಲವನ್ನಂತೂ ಯಾರೂ ಇಡಬೇಡಿ.

ಕಾಲು ಬಿಗಿದವರಿಗೆಲ್ಲ ಕ್ಷಯವೇ ಇರುತ್ತದೆ ಎಂದು ನನ್ನ ಮಾತಿನ ಅರ್ಥವಲ್ಲ. ವಯಸ್ಸಾದವರಲ್ಲಿ ಕತ್ತಿನ ಮೂಳೆ ಸವೆದು ಬೆನ್ನುಹುರಿ ಒತ್ತಲ್ಪಡುವುದು ಸಾಮಾನ್ಯ. ಅಂಗಿಯ ಗುಂಡಿ ಹಾಕಲು, ರೊಟ್ಟಿ ತಟ್ಟಲು ಕೈ ತಡವರಿಸುವುದು ಅದರ ಮೊದಲ ಗುರುತಾಗಿರಬಹುದು. ವಿಟಮಿನ್ ಬಿ12 ಕೊರತೆಯೂ ಬೆನ್ನುಹುರಿಯನ್ನು ಕೆಡಿಸುತ್ತದೆ. ಹಾಲು ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರು ಇದನ್ನು ಮರೆಯಬಾರದು. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಸೂಜಿಮದ್ದಿನಿಂದ ತಡೆಯಬಹುದು. ಬೆನ್ನುಹುರಿಯ ಉರಿಯೂತವು ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಕಾಲು ಕಸಿಯುತ್ತದೆ; ಸ್ಟೀರಾಯ್ಡ್ ಸರಿಯಾದ ಮದ್ದಾಗುವುದು ಇಂಥ ಕಡೆ. ಇವುಗಳಲ್ಲಿ ಯಾವುದಕ್ಕೂ ಎಳೆತವಾಗಲಿ, ಬೆನ್ನು ಲಟಕಿ ಮುರಿಸುವುದಾಗಲಿ, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿಕೊಳ್ಳುವುದಾಗಲಿ ಚಿಕಿತ್ಸೆಯಲ್ಲ.

ಹಣದ ಮಾತು. ಖಾಸಗಿ ಚಿಕಿತ್ಸಾ ಕೇಂದ್ರಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಹೊಂದಿ, ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ನಮಗೆ ಕೊಟ್ಟ ರಸೀದಿಯಲ್ಲಿ ವೈದ್ಯರ ಹೆಸರಾಗಲಿ ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ರಸೀದಿ, ಔಷಧಿ ಚೀಟಿ, ಸ್ಕ್ಯಾನ್ ಫಿಲ್ಮುಗಳನ್ನು ಕಾಕು ಒಂದು ಸೀರೆಯ ಡಬ್ಬಿಯಲ್ಲಿ ಇಟ್ಟಿದ್ದರಿಂದಲೇ ಗ್ರಾಹಕರ ಆಯೋಗಕ್ಕೆ ದೂರು ಬರೆಯಲು ಸಾಧ್ಯವಾಯಿತು. ಎರಡು ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಿಚಾರಣೆ ಮುಗಿದಿಲ್ಲವಾದ್ದರಿಂದ ಕೇಂದ್ರದ ಹೆಸರನ್ನು ಇಲ್ಲಿ ಬರೆದಿಲ್ಲ.

ಇಂಥದೇ ಪ್ಯಾಕೇಜಿನ ನಡುವೆ ಇರುವವರಲ್ಲಿ ಯಾರಿಗಾದರೂ ಕಾಲು ಬಿಗಿಯುತ್ತಿದ್ದರೆ ಅಥವಾ ಸೋಲುತ್ತಿದ್ದರೆ, ಕಟ್ಟಿದ ಹಣ ಹೋದರೂ ಚಿಂತೆಯಿಲ್ಲ, ನಾಳೆಯ ಎಳೆತಕ್ಕೆ ಹೋಗದೆ ಹುಬ್ಬಳ್ಳಿ, ಗದಗ ಅಥವಾ ಹಾವೇರಿಯ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹಳೆಯ ಫಿಲ್ಮುಗಳೊಂದಿಗೆ ಹೋಗಿ. ಮೂತ್ರ ಕಟ್ಟಿದ್ದರೆ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆ ಮಾಡಿ ತುರ್ತು ವಿಭಾಗಕ್ಕೇ ಹೋಗಿ.