ಹಳೇ ಸೀಸದ ಸೈನಿಕರನ್ನು ಮರದ ಕಪಾಟಿನಲ್ಲಿ ಇಡಬೇಡಿ

ನಿಮ್ಮ ಹತ್ತಿರ ಹಳೇ ಲೋಹದ ಮಿನಿಯೇಚರ್ ಸೈನ್ಯ, ಅಂದರೆ ಮೇಜಿನ ಮೇಲೆ ಯುದ್ಧದ ಆಟ ಆಡುವ ಪುಟ್ಟ ಬೊಂಬೆ ಸೈನಿಕರು ಇದ್ದರೆ, ಮೊದಲು ಎದ್ದು ಹೋಗಿ ಕಪಾಟು ತೆರೆದು ನೋಡಿ. ಬೊಂಬೆ ನಿಂತಿರುವ ಬೇಸಿನ ಅಡಿ, ಈಟಿಯ ತುದಿ, ಕುದುರೆಯ ಕಾಲಿನ ಸಂದು. ಅಲ್ಲೆಲ್ಲಾದರೂ ಬಿಳಿ ಪುಡಿ ಕಂಡರೆ ಊದಬೇಡಿ. ನಾನು ಊದಿದ್ದೆ.

ಕ್ರಿ.ಪೂ. 326ರ ಝೀಲಂ ತೀರದ ಕಾಳಗವನ್ನು ಮೇಜಿನ ಮೇಲೆ ಆಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಪೋರಸ್‌ನ ಆನೆಗಳು ಆಗಲೇ ಇದ್ದವು, ಪ್ಲಾಸ್ಟಿಕ್‌ನವು. ಅಲೆಕ್ಸಾಂಡರ್‌ನ ಫ್ಯಾಲಾಂಕ್ಸ್, ಅಂದರೆ ಒತ್ತೊತ್ತಾಗಿ ಸಾಲುಗಟ್ಟಿ ನಿಲ್ಲುವ ಈಟಿಗಾರರ ಪಡೆ, ಇರಲಿಲ್ಲ. ಅಷ್ಟರಲ್ಲಿ ಒಬ್ಬರು ಹವ್ಯಾಸ ಬಿಟ್ಟು ಎಲ್ಲ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. 25 ಮಿ.ಮೀ. ಅಳತೆಯ 96 ಈಟಿಗಾರರು, ಒಂದೇ ಕಂತೆ. ಗ್ರೀಕರ ಸೇನಾ ಕೈಪಿಡಿಗಳ ಲೆಕ್ಕದಲ್ಲಿ 16 ಸಾಲು, ಸಾಲಿಗೆ 16 ಜನ, ಒಟ್ಟು 256 ಮಂದಿ ಸೇರಿದರೆ ಒಂದು ತುಕಡಿ. ಮೇಜಿನ ಮೇಲೆ 96 ಜನ ನಿಂತರೂ ಸಾಕು, ಕಾಡಿನ ಹಾಗೆ ಕಾಣುತ್ತೆ. ಹಿಂದೆಮುಂದೆ ನೋಡದೆ ಕೊಂಡುಬಿಟ್ಟೆ.

ಕೈಗೆ ಬಂದಾಗ ಎಲ್ಲ ಬೊಂಬೆಗಳ ಬೇಸಿನ ಅಡಿಗೂ ದಪ್ಪಗೆ ಕಪ್ಪು ಬಣ್ಣ ಬಳಿದಿತ್ತು. ಎಷ್ಟು ಅಚ್ಚುಕಟ್ಟು ಮನುಷ್ಯ ಅಂದುಕೊಂಡೆ! ಯಾರೂ ನೋಡದ ಜಾಗಕ್ಕೆ ಯಾಕಪ್ಪಾ ಬಣ್ಣ ಬಳಿದ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ಆಮೇಲೆ ಅವರನ್ನೇ ಕೇಳಿದೆ. ಉತ್ತರ ಬರಲಿಲ್ಲ.

ಮೇಲಿನ ಹಳೇ ಬಣ್ಣ ಕಿತ್ತು, ಪ್ರೈಮರ್ ಹಾಕಿ, ಒಂದೊಂದಾಗಿ ಬಳಿಯುತ್ತಾ ಕೂತೆ. ಈ ಈಟಿಗಾರರ ಗುರಾಣಿ ಒಂದು ಸೆಂಟಿಮೀಟರ್ ಅಗಲವೂ ಇಲ್ಲ. ಅದರ ಮೇಲೆ ಹದಿನಾರು ಕಿರಣದ ಮೆಸಿಡೋನಿಯಾ ನಕ್ಷತ್ರ ಬರೆಯುವ ಹುಚ್ಚು ನನಗೆ. ಎಂಟು ಕಿರಣಕ್ಕೇ ಸುಸ್ತಾದೆ. ಆದರೂ 96 ಗುರಾಣಿಗೆ ಎಂಟೆಂಟು ಗೆರೆ ಅಂದರೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಬ್ರಷ್ಷಿನ ತುದಿ ಚೂಪು ಮಾಡಲು ಬಾಯಿಗೆ ಇಟ್ಟುಕೊಳ್ಳುವ ಚಾಳಿಯೂ ಇತ್ತು. ಕೊನೆಗೆ ಪ್ಲೈವುಡ್ ಬೇಸುಗಳಿಗೆ ಮರಗೆಲಸದ ಬಿಳಿ ಅಂಟಿನಿಂದ ಅಂಟಿಸಿ, ಗಾಜಿನ ಬಾಗಿಲಿನ ಓಕ್ ಕಪಾಟಿನಲ್ಲಿ ನಿಲ್ಲಿಸಿದೆ. ಧೂಳು ಹೋಗಬಾರದು ಅಂತ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಬೇರೆ.

ಹದಿನಾಲ್ಕು ತಿಂಗಳಾದ ಮೇಲೆ ಆಟಕ್ಕೆ ಅಂತ ತೆಗೆದೆ. ಬಾಗಿಲು ತೆರೆದಾಗ ಸಣ್ಣಗೆ ಹುಳಿ ವಾಸನೆ. ಮುಂದಿನ ಸಾಲಿನವನ ಈಟಿಗೆ ಬೆರಳು ತಗುಲಿದ್ದೇ ತಡ, ಸೀಮೆಸುಣ್ಣದ ಕಡ್ಡಿಯ ಹಾಗೆ ಪುಟಕ್ಕನೆ ಮುರಿಯಿತು. ಒಳಗೆ ಲೋಹವೇ ಇರಲಿಲ್ಲ, ಬೂದು ಪುಡಿ. ಗುರಾಣಿಯ ನಕ್ಷತ್ರ ಹಾಗೇ ಇತ್ತು, ಅದರ ಪಕ್ಕದಲ್ಲೇ ಬಣ್ಣ ಉಬ್ಬಿ ಬಿರುಕು ಬಿಟ್ಟು ಬಿಳಿ ಹುಡಿ ಇಣುಕುತ್ತಿತ್ತು. ಬೂಷ್ಟು ಇರಬೇಕು ಅಂತ ಬಾಯಲ್ಲಿ ಊದಿದೆ, ಹಳೇ ಟೂತ್‌ಬ್ರಷ್‌ನಿಂದ ಒಣಗಿದ್ದನ್ನು ಹಾಗೇ ಉಜ್ಜಿದೆ. ಮುಖದ ತುಂಬ ಪುಡಿ.

ಅದು ಬೂಷ್ಟಲ್ಲ, ಸೀಸದ ಕಾರ್ಬೊನೇಟ್. ವಿಷ. ಓಕ್‌ನಂಥ ಮರ, ಪ್ಲೈವುಡ್, ಆ ಬಿಳಿ ಅಂಟು, ಎಲ್ಲದರಿಂದಲೂ ಅಸಿಟಿಕ್ ಆಮ್ಲದ ಆವಿ ಬರುತ್ತಲೇ ಇರುತ್ತದೆ. ವಿನೆಗರ್‌ನಲ್ಲಿರೋದೂ ಅದೇ ಆಮ್ಲ. ಗಾಳಿಯಲ್ಲಿ ತೇವ ಇದ್ದರೆ ಅದು ಸೀಸವನ್ನು ತಿನ್ನುತ್ತದೆ. ಆಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಬಿಳಿ ಪುಡಿಯಾಗುವಾಗ ಆಮ್ಲ ಮತ್ತೆ ಬಿಡುಗಡೆಯಾಗಿ ಮುಂದಿನ ಪದರಕ್ಕೆ ಕೈ ಹಾಕುತ್ತದೆ. ಅದಕ್ಕೇ ಒಮ್ಮೆ ಶುರುವಾದರೆ ಗೆದ್ದಲಿನ ಹಾಗೆ ಒಳಗೊಳಗೇ ಸಾಗುತ್ತದೆ. ಬಣ್ಣ, ಪ್ರೈಮರ್, ವಾರ್ನಿಷ್ ಯಾವುದೂ ಪೂರ್ತಿ ತಡೆಯುವುದಿಲ್ಲ. ನನ್ನ ರಬ್ಬರ್ ಪಟ್ಟಿ ಧೂಳನ್ನು ಹೊರಗಿಟ್ಟಿತು ನಿಜ, ಆವಿಯನ್ನು ಒಳಗೇ ಇಟ್ಟಿತು. ಹುಳಿ ವಿಷಯ ಬಂತಲ್ಲ, ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ತಮಾಷೆ ಏನು ಗೊತ್ತಾ, ಅಲೆಕ್ಸಾಂಡರ್‌ನ ಕಾಲದವನೇ ಆದ, ಅರಿಸ್ಟಾಟಲ್‌ನ ಶಿಷ್ಯ ಥಿಯೋಫ್ರಾಸ್ಟಸ್ ಇದನ್ನೇ ತಯಾರಿಸುವ ವಿಧಾನ ಬರೆದಿಟ್ಟಿದ್ದಾನೆ. ಮಡಕೆಯಲ್ಲಿ ವಿನೆಗರ್, ಅದರ ಮೇಲೆ ಸೀಸ, ಮುಚ್ಚಿಟ್ಟು ಕೆಲವು ದಿನ ಬಿಟ್ಟು ಕೆರೆದರೆ ಬಿಳಿ ಬಣ್ಣ. ಗ್ರೀಕ್ ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು. ನಾನು ಮಡಕೆಯ ಬದಲು ಕಪಾಟು ಬಳಸಿದೆ, ಅಷ್ಟೇ.

ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಿಸಿದೆ. ಗಾಬರಿಪಡುವಂಥದ್ದೇನೂ ಇರಲಿಲ್ಲ. ಆದರೆ ವರದಿ ಬರುವ ತನಕ ನಿದ್ದೆ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಸುಮ್ನೆ ಬಿಡಬೇಡಿ.

ಹಳೇ ಬೊಂಬೆ ಕೊಳ್ಳುವವರು ಅಡಿಭಾಗ ನೋಡಲೇಬೇಕು. ಬಣ್ಣ ಬಳಿದಿದ್ದರೆ ಒಂದು ಕಡೆ ಸ್ವಲ್ಪ ಕೆರೆಯಲು ಒಪ್ಪಿಗೆ ಕೇಳಿ. ಬರೀ ಲೋಹವನ್ನು ಬಿಳಿ ಕಾಗದಕ್ಕೆ ಉಜ್ಜಿದಾಗ ಪೆನ್ಸಿಲ್‌ನಂಥ ಬೂದು ಗೆರೆ ಬಿದ್ದರೆ ಸೀಸ ಜಾಸ್ತಿ ಇದೆ ಅಂತಲೇ ತಿಳಿಯಿರಿ. ತವರ ಹೆಚ್ಚಿರುವ ಈಗಿನ ಲೋಹದ ಬೊಂಬೆಗಳಿಗೆ ಈ ಕಾಟ ಅಷ್ಟಾಗಿ ಇಲ್ಲ. ಪುಡಿ ಬಂದಿದ್ದರೆ ಗ್ಲೌಸ್, ಮಾಸ್ಕ್ ಹಾಕಿ ನೀರಿನಲ್ಲಿ ನೆನೆಸಿಯೇ ಉಜ್ಜಿ, ಒಣಗಿದ್ದನ್ನು ಮುಟ್ಟಬೇಡಿ. ಆಮೇಲೆ ಲೋಹದ ಕಪಾಟಿನಲ್ಲಿ, ಗಾಳಿ ಆಡುವ ಹಾಗೆ, ತೇವ ಇಲ್ಲದ ಕಡೆ ಇಡಿ. ಮಿಕ್ಕವುಗಳಿಂದ ದೂರ. ಬ್ರಷ್ಷನ್ನು ಬಾಯಿಗೆ ಇಡೋದಂತೂ ಬಿಟ್ಟೇಬಿಡಿ.

96ರಲ್ಲಿ ಉಳಿದದ್ದು 41. ಅವರ ಈಟಿಗಳನ್ನೆಲ್ಲ ಕತ್ತರಿಸಿ ಉಕ್ಕಿನ ತಂತಿ ಕೊಟ್ಟಿದ್ದೇನೆ, ಕೈಗೆ ಚುಚ್ಚುತ್ತವೆ. ಓಕ್ ಕಪಾಟಿನಲ್ಲಿ ಈಗ ಪೋರಸ್‌ನ ಆನೆಗಳು ಮಾತ್ರ ನಿಂತಿವೆ. ಅವಕ್ಕೇನೂ ಆಗಿಲ್ಲ.