ನ್ಯಾಸ್ಕಾರ್ ಕಪ್ ಸೀರೀಸ್: ರೇಸಿಗೆ ಐದು ಸ್ಟಾರ್, ರೂಲ್ಸ್ ಮಾಡುವವರಿಗೆ ಎರಡೂವರೆ

ಇದು ಒಂದು ರೇಸಿನ ಅಥವಾ ಒಂದು ಟಿಕೆಟ್ಟಿನ ರಿವ್ಯೂ ಅಲ್ಲ, ಅಮೆರಿಕದ ಕಾರು ರೇಸ್ ಸಂಸ್ಥೆ ನ್ಯಾಸ್ಕಾರ್ ನಡೆಸುವ ಇಡೀ ಕಪ್ ಸೀರೀಸಿನದು. ನಾನಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಷಾರ್ಲೆಟ್ ಹತ್ತಿರ. ಕಪ್ ಸೀರೀಸಿನ ಹೆಚ್ಚಿನ ಟೀಮುಗಳ ವರ್ಕ್‌ಶಾಪು ಇಲ್ಲೇ ಸುತ್ತಮುತ್ತ, ಕಾನ್ಕರ್ಡ್, ಮೂರ್ಸ್‌ವಿಲ್, ಹಂಟರ್ಸ್‌ವಿಲ್ ಕಡೆ ಇವೆ. ಬ್ಯಾಂಕು, ಐಟಿ ಅಂತ ಬಂದ ನಮ್ಮವರೂ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ರೇಸಿನ ಮಾತೆತ್ತಿದರೆ ಎಲ್ಲರದ್ದೂ ಒಂದೇ ಪ್ರಶ್ನೆ: ಸುಮ್ನೆ ಎಡಕ್ಕೆ ತಿರುಗಿಸ್ತಾ ಸುತ್ತು ಹೊಡೀತಾರಲ್ಲ, ಅದ್ರಲ್ಲಿ ನೋಡೋಕೇನಿದೆ?

ಟೀವಿಯಲ್ಲಿ ನೋಡಿದರೆ ನನಗೂ ಅಷ್ಟೇನೂ ಕಾಣುವುದಿಲ್ಲ. ಟ್ರ್ಯಾಕಿಗೆ ಹೋಗಬೇಕು, ಹೋದ ಮೇಲೆ ಟೀಮುಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಬೇಕು. ಹೆಡ್‌ಫೋನ್ ಹಾಕಿಕೊಂಡರೆ ಡ್ರೈವರ್, ಕ್ರೂ ಚೀಫ್ (ಕಾರು ಸಿದ್ಧಮಾಡುವ ತಂಡದ ಮುಖ್ಯಸ್ಥ), ಸ್ಪಾಟರ್ ಮೂವರ ಮಾತೂ ನೇರ ಕಿವಿಗೆ ಬೀಳುತ್ತದೆ. ಬೇರೆ ಯಾವ ಆಟದಲ್ಲಿ ನಾಯಕ ಬೌಲರ್ ಹತ್ತಿರ ಹೋಗಿ ಪಿಸುಗುಟ್ಟಿದ್ದನ್ನು ನಮಗೆ ಕೇಳಿಸುತ್ತಾರೆ ಹೇಳಿ? ಡ್ರೈವರಿಗೆ ಸೀಟು, ಹೆಲ್ಮೆಟ್ಟು, ಕತ್ತಿನ ಪಟ್ಟಿ ಎಲ್ಲ ಸೇರಿ ಪಕ್ಕಕ್ಕೆ ತಿರುಗಿ ನೋಡಲು ಆಗುವುದಿಲ್ಲ. ಅದಕ್ಕೇ ಸ್ಟ್ಯಾಂಡಿನ ಛಾವಣಿ ಮೇಲೆ ನಿಂತ ಸ್ಪಾಟರ್ "ಒಳಗಡೆ ಒಬ್ಬ, ಇನ್ನೂ ಇದ್ದಾನೆ, ಬಾಲದ ಹತ್ತಿರ, ಕ್ಲಿಯರ್" ಅಂತ ಉಸಿರು ಬಿಡದೆ ಹೇಳುತ್ತಲೇ ಇರುತ್ತಾನೆ. ಆ "ಕ್ಲಿಯರ್" ಅರ್ಧ ಸೆಕೆಂಡ್ ಬೇಗ ಬಂದರೆ ಹತ್ತು ಕಾರು ಗೋಡೆಗೆ.

ಷಾರ್ಲೆಟ್‌ನಲ್ಲಿ ಮೇ ಕೊನೆಗೆ ಕೋಕಾ-ಕೋಲಾ 600 ನಡೆಯುತ್ತದೆ. ಒಂದೂವರೆ ಮೈಲಿಯ ಟ್ರ್ಯಾಕು, 400 ಲ್ಯಾಪು ಅಂದರೆ ಸುತ್ತು, 600 ಮೈಲಿ. ಬಿಸಿಲಿನಲ್ಲಿ ಶುರುವಾಗಿ ರಾತ್ರಿ ಲೈಟಿನಲ್ಲಿ ಮುಗಿಯುತ್ತದೆ. ಟ್ರ್ಯಾಕು ತಣ್ಣಗಾದ ಹಾಗೆ ಟೈರಿನ ಹಿಡಿತ ಬದಲಾಗುತ್ತದೆ, ಸಂಜೆ ಚೆನ್ನಾಗಿ ಓಡಿದ ಕಾರು ರಾತ್ರಿ ಮಾತು ಕೇಳುವುದಿಲ್ಲ. ಡ್ರೈವರ್ "ಲೂಸ್" ಅಂದರೆ ಹಿಂಬದಿ ಜಾರುತ್ತಿದೆ, "ಟೈಟ್" ಅಂದರೆ ಮುಂಬದಿ ತಿರುಗುತ್ತಿಲ್ಲ. ಕ್ರೂ ಚೀಫ್ ಅದನ್ನು ಕೇಳಿಕೊಂಡು ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಿಂದಿನ ಗಾಜಿನಲ್ಲಿರುವ ತೂತಿಗೆ ಪಾನಾ ತೂರಿಸಿ ಒಂದು ಸುತ್ತು ತಿರುಗಿಸಿ ಕಳಿಸುತ್ತಾನೆ. 2025ರಲ್ಲಿ ವಿಲಿಯಂ ಬೈರನ್ 283 ಲ್ಯಾಪ್‌ಗಳಲ್ಲಿ ಎಲ್ಲರಿಗಿಂತ ಮುಂದಿದ್ದ, ಆದರೆ ಗೆದ್ದವನು ಬದಲಿ ಕಾರಿನಲ್ಲಿ ಕಟ್ಟಕಡೆಯಿಂದ ಹೊರಟ ರಾಸ್ ಚಾಸ್ಟೇನ್, ಅದೂ ಕೊನೆಯ ಆರು ಲ್ಯಾಪ್ ಉಳಿದಾಗ ಹಿಂದಿಕ್ಕಿ. ಇದಕ್ಕೆ ಐದು ಸ್ಟಾರ್ ಕೊಡದೆ ಇನ್ನೇನು ಕೊಡಲಿ? ಮನೆಯಿಂದ ಊಟ ಕಟ್ಟಿಕೊಂಡು ಹೋಗಲೂ ಬಿಡುತ್ತಾರೆ. ಪುಳಿಯೋಗರೆ ಡಬ್ಬಿ ಸ್ಟ್ಯಾಂಡಿನಲ್ಲಿ ತೆಗೆದರೆ ಪಕ್ಕದ ಸಾಲಿನವರು ಖಂಡಿತ ಕೇಳುತ್ತಾರೆ, ಸ್ವಲ್ಪ ಜಾಸ್ತಿಯೇ ತಗೊಂಡು ಹೋಗಿ.

ಇನ್ನು ರೂಲ್ಸ್ ಮಾಡುವ ನ್ಯಾಸ್ಕಾರ್ ಆಫೀಸಿನವರ ವಿಷಯ.

1948ರಲ್ಲಿ ಬಿಲ್ ಫ್ರಾನ್ಸ್ ಕಟ್ಟಿದ ಸಂಸ್ಥೆ ಇದು, ಇವತ್ತಿಗೂ ಆ ಮನೆತನದ ಕೈಯಲ್ಲೇ ಇದೆ. ಹಾಗಾಗಿ ಏನೇ ಆದರೂ ಮೇಲಿನಿಂದ ಇಳಿಯುತ್ತದೆ. ಇವರಿಗೊಂದು ಚಾಳಿ. ಎಲ್ಲೋ ಒಂದು ಸಲ ಏನೋ ಬೋರ್ ಹೊಡೆಸಿತು ಅಂದರೆ ಇಡೀ ಚಾಂಪಿಯನ್‌ಶಿಪ್ಪನ್ನೇ ಬಿಚ್ಚಿ ಕೂರುತ್ತಾರೆ. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು, ಉಳಿದ ರೇಸುಗಳಲ್ಲಿ ತಪ್ಪದೆ ಮೇಲಿದ್ದು ಪಾಯಿಂಟ್ಸ್ ಮೇಲೆ ಚಾಂಪಿಯನ್ ಆದ. 2004ಕ್ಕೆ "ಚೇಸ್" ತಂದರು, ಕೊನೆಯ ಹತ್ತು ರೇಸಿಗೆ ಪಾಯಿಂಟ್ಸ್ ಹೊಸದಾಗಿ ಲೆಕ್ಕ. ಅದೂ ಸಾಲದೆ 2014ರಲ್ಲಿ ಮೂರು ರೇಸಿಗೊಮ್ಮೆ ನಾಲ್ವರನ್ನು ಹೊರಗಟ್ಟುವ ಪ್ಲೇಆಫ್, ಕೊನೆಯ ಒಂದು ರೇಸಿಗೆ ನಾಲ್ಕೇ ಜನ, ಅವರಲ್ಲಿ ಮುಂದೆ ಬಂದವನು ಚಾಂಪಿಯನ್. 2017ರಲ್ಲಿ ಒಂದೊಂದು ರೇಸನ್ನೂ ಸ್ಟೇಜುಗಳಾಗಿ ಕತ್ತರಿಸಿದರು. ತೇಪೆ ಮೇಲೆ ತೇಪೆ. ಹೊಸಬರಿಗೆ ಇದನ್ನೆಲ್ಲ ವಿವರಿಸುವಷ್ಟರಲ್ಲಿ ರೇಸೇ ಮುಗಿದಿರುತ್ತದೆ.

ಇದರ ಫಲ ನೋಡಿ. 2024ರಲ್ಲಿ ಜೋಯಿ ಲೊಗಾನೋ ಚಾಂಪಿಯನ್ ಆದ, ಅವನ ವರ್ಷದ ಸರಾಸರಿ ಸ್ಥಾನ ಹದಿನೇಳು. ನಡುವೆ ಒಂದು ಹಂತದಲ್ಲಿ ಔಟ್ ಕೂಡ ಆಗಿದ್ದ. ಅಲೆಕ್ಸ್ ಬೋಮನ್ ಕಾರು ರೇಸಿನ ನಂತರ ತೂಕ ಕಮ್ಮಿ ಬಂದು ಅನರ್ಹವಾಯಿತು ಅಂತ ಲೊಗಾನೋ ಮತ್ತೆ ಒಳಗೆ ಬಂದ. ಅವನದ್ದೇನೂ ತಪ್ಪಿಲ್ಲ, ಇರುವ ರೂಲಿನಲ್ಲಿ ಆಡಿ ಗೆದ್ದ. ನನ್ನ ಸಿಟ್ಟು ಆ ರೂಲಿನ ಮೇಲೆ.

2025ರ ನವೆಂಬರ್ 2, ಫೀನಿಕ್ಸ್‌ನಲ್ಲಿ ಆ ನಾಲ್ವರ ಕೊನೆಯ ರೇಸು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಡೆನ್ನಿ ಹ್ಯಾಮ್ಲಿನ್ ಅಷ್ಟೊತ್ತಿಗೆ ಇಪ್ಪತ್ತು ಸೀಸನ್ ಓಡಿಸಿದ್ದವನು, 60 ಗೆಲುವು, ಒಂದೂ ಚಾಂಪಿಯನ್‌ಶಿಪ್ ಇಲ್ಲ. ಅವತ್ತು 208 ಲ್ಯಾಪ್‌ಗಳಲ್ಲಿ ಎಲ್ಲರಿಗಿಂತ ಮುಂದಿದ್ದ. ಇನ್ನು ಮೂರು ಲ್ಯಾಪ್ ಇದೆ ಅನ್ನುವಾಗ ಬೈರನ್ ಕಾರಿನ ಟೈರ್ ಹೋಯಿತು, ಗೋಡೆಗೆ ಬಡಿಯಿತು, ಎಲ್ಲರೂ ನಿಧಾನವಾಗಿ ಅನ್ನುವ ಹಳದಿ ಬಾವುಟ. ಎಲ್ಲರೂ ಟೈರ್ ಬದಲಾಯಿಸುವ ಪಿಟ್ಟಿಗೆ. ಹ್ಯಾಮ್ಲಿನ್ ನಾಲ್ಕೂ ಟೈರ್ ಬದಲಾಯಿಸಿದ, ಕೈಲ್ ಲಾರ್ಸನ್ ಎರಡೇ ಬದಲಾಯಿಸಿ ಮುಂದೆ ಬಂದ. ಓವರ್‌ಟೈಮಿನಲ್ಲಿ ಉಳಿದದ್ದು ಎರಡು ಲ್ಯಾಪು. ಲಾರ್ಸನ್ ಮೂರನೆಯವನು, ಹ್ಯಾಮ್ಲಿನ್ ಆರನೆಯವನು. ಚಾಂಪಿಯನ್ ಲಾರ್ಸನ್. ಅವತ್ತು ಇಡೀ ದಿನದಲ್ಲಿ ಒಂದೇ ಒಂದು ಲ್ಯಾಪನ್ನೂ ಅವನು ಮುಂದಿದ್ದು ಓಡಿಸಿರಲಿಲ್ಲ. ರೇಸ್ ಗೆದ್ದ ರಯಾನ್ ಬ್ಲೇನಿ ಆ ನಾಲ್ವರಲ್ಲೇ ಇರಲಿಲ್ಲ.

ಐಪಿಎಲ್‌ನಲ್ಲೂ ಫೈನಲ್ ಒಂದೇ ಅಲ್ವಾ, ಲೀಗ್‌ನಲ್ಲಿ ಮೊದಲು ಬಂದವರು ಅಲ್ಲಿ ಸೋಲುವುದಿಲ್ವಾ ಅಂತ ನಮ್ಮ ಆರ್‌ಸಿಬಿ ಗೆಳೆಯರು ಕೇಳುತ್ತಾರೆ. ಸೋಲುತ್ತಾರೆ. ಆದರೆ ಅಲ್ಲಿ ಮೈದಾನದಲ್ಲಿ ಇರುವುದು ಎರಡೇ ತಂಡ, ಕಪ್ಪು ಅವೆರಡರ ನಡುವೆ. ಇಲ್ಲಿ ನಾಲ್ವರು ಕಪ್ಪಿಗೆ ಓಡಿಸುತ್ತಿದ್ದರೆ ಸಂಬಂಧವೇ ಇಲ್ಲದ ಮೂವತ್ತಕ್ಕೂ ಹೆಚ್ಚು ಕಾರು ಅದೇ ಟ್ರ್ಯಾಕಿನಲ್ಲಿ, ಅದೇ ಗೆರೆಯಲ್ಲಿ ಓಡುತ್ತಿದ್ದವು. ಯಾರದೋ ಟೈರು, ಯಾರದೋ ಸ್ಪಿನ್, ಇನ್ಯಾರದೋ ವರ್ಷ ಹಾಳು. ಕಾರು ರೇಸಿಗೆ ಪ್ಲೇಆಫ್ ಹೊಂದುವುದೇ ಇಲ್ಲ ಅಂತ ನನಗನ್ನಿಸುವುದು ಇದಕ್ಕೇ.

ಕೊನೆಗೂ ಇವರ ಕಿವಿಗೆ ಬಿತ್ತು. 2026ಕ್ಕೆ ಆ ನಾಲ್ವರ ಫೈನಲ್ ತೆಗೆದುಹಾಕಿ ಮತ್ತೆ ಚೇಸ್ ತಂದಿದ್ದಾರೆ. ಹದಿನಾರು ಡ್ರೈವರ್, ಕೊನೆಯ ಹತ್ತು ರೇಸು, ನಡುವೆ ಯಾರನ್ನೂ ಹೊರಗಟ್ಟುವುದಿಲ್ಲ. ಒಂದು ರೇಸ್ ಗೆದ್ದರೆ ಸೀದಾ ಪ್ಲೇಆಫ್ ಒಳಗೆ ಅನ್ನುವ ರೂಲೂ ಹೋಯಿತು. ಗೆಲುವಿಗೆ 40ರ ಬದಲು 55 ಪಾಯಿಂಟ್. ಹಳೇ ಡ್ರೈವರ್ ಮಾರ್ಕ್ ಮಾರ್ಟಿನ್ ಹಾಗೆ ನನಗೂ 36 ರೇಸಿನ ಪೂರ್ತಿ ಲೆಕ್ಕವೇ ಬೇಕಿತ್ತು. ಆದರೂ ಪರವಾಗಿಲ್ಲ, ಇದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

ತೀರ್ಪು ಕೊಡುವ ವಿಷಯದಲ್ಲಿ ಮಾತ್ರ ಇವರನ್ನು ನಂಬುವುದು ಕಷ್ಟ. 2024ರ ಆಗಸ್ಟ್‌ನಲ್ಲಿ ರಿಚ್ಮಂಡ್ ರೇಸಿನ ಕೊನೆಯ ಲ್ಯಾಪಿನಲ್ಲಿ ಆಸ್ಟಿನ್ ಡಿಲನ್ ಮೊದಲು ಲೊಗಾನೋಗೆ ಗುದ್ದಿದ, ಅಲ್ಲೇ ಮುಂದೆ ಹ್ಯಾಮ್ಲಿನ್‌ಗೂ ಗುದ್ದಿದ, ಗೆದ್ದ. ಮೂರು ದಿನ ಯೋಚಿಸಿ ಇವರು ಕೊಟ್ಟ ತೀರ್ಪು ಏನು ಗೊತ್ತಾ? ಗೆಲುವು ನಿನ್ನದೇ, ಆದರೆ ಆ ಗೆಲುವಿನಿಂದ ಸಿಗುವ ಪ್ಲೇಆಫ್ ಸ್ಥಾನ ಇಲ್ಲ. ಸರಿ ಇದ್ದರೆ ಪೂರ್ತಿ ಕೊಡಿ, ತಪ್ಪಾದರೆ ಟ್ರೋಫಿಯನ್ನೂ ಕಸಿದುಕೊಳ್ಳಿ. ಇದೆಂಥ ಅಡ್ಡಗೋಡೆ ಮೇಲೆ ದೀಪ ಇಡುವ ಕೆಲಸ!

ಅದೇ ವರ್ಷ ನವೆಂಬರ್‌ನಲ್ಲಿ ಮಾರ್ಟಿನ್ಸ್‌ವಿಲ್. ಅರ್ಧ ಮೈಲಿಯ ಪುಟ್ಟ ಟ್ರ್ಯಾಕು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಷೆವರ್ಲೆ ಓಡಿಸುವ ಇಬ್ಬರು ಅದೇ ಕಂಪನಿಯ ಕಾರಿನ ಬೈರನ್ ಹಿಂದೆ ಗೋಡೆ ಕಟ್ಟಿದ ಹಾಗೆ ಓಡಿಸಿ ಅವನ ಸ್ಥಾನ ಕಾಪಾಡಿದರು, ಟೊಯೋಟಾದ ಬಬ್ಬಾ ವಾಲೇಸ್ ತನ್ನ ಕಂಪನಿಯವನೇ ಆದ ಕ್ರಿಸ್ಟೋಫರ್ ಬೆಲ್‌ಗಾಗಿ ನಿಧಾನ ಮಾಡಿದ. ಬೆಲ್ ಕೊನೆಯ ತಿರುವಿನಲ್ಲಿ ಗೋಡೆಗೆ ಒರಗಿಕೊಂಡೇ ಬಂದ. ಫೈನಲ್‌ಗೆ ಬೆಲ್ಲಾ, ಬೈರನ್ನಾ ಅಂತ ಹೇಳಲು ಅರ್ಧ ಗಂಟೆ ಹತ್ತಿರ ಕಾಯಿಸಿದರು. ಗೋಡೆ ಸವಾರಿಗೆ ಬೆಲ್ ಔಟ್, ಬೈರನ್ ಒಳಗೆ. ಆಮೇಲೆ ಮೂರು ಟೀಮಿಗೂ ಅವುಗಳ ಡ್ರೈವರ್‌ಗಳಿಗೂ ಸೇರಿ 6 ಲಕ್ಷ ಡಾಲರ್ ದಂಡ ಹಾಕಿದರು, ಆದರೆ ಯಾರಿಗೋಸ್ಕರ ಇಷ್ಟೆಲ್ಲ ನಡೆಯಿತೋ ಅವನ ಸ್ಥಾನ ಹಾಗೇ ಉಳಿಯಿತು. ಒಂದೊಂದು ಸ್ಥಾನಕ್ಕೆ ಇಷ್ಟು ಬೆಲೆ ಕಟ್ಟಿದವರೂ ಇವರೇ ತಾನೇ?

ಆ ಗೋಡೆ ಸವಾರಿ ಶುರುವಾಗಿದ್ದು 2022ರಲ್ಲಿ, ಅದೇ ಮಾರ್ಟಿನ್ಸ್‌ವಿಲ್‌ನಲ್ಲಿ. ರಾಸ್ ಚಾಸ್ಟೇನ್ ಕೊನೆಯ ಲ್ಯಾಪಿನಲ್ಲಿ ಐದನೇ ಗೇರ್ ಹಾಕಿ, ಕಾರನ್ನು ಗೋಡೆಗೆ ಒತ್ತಿ, ಆಕ್ಸಿಲರೇಟರ್ ಬಿಡದೆ ಐದು ಕಾರು ದಾಟಿ ಫೈನಲ್‌ಗೆ ಹೋದ. ಚಿಕ್ಕಂದಿನಲ್ಲಿ ವಿಡಿಯೋ ಗೇಮ್‌ನಲ್ಲಿ ಕಲಿತದ್ದಂತೆ! ನೋಡಿದ ಯಾರೂ ಮರೆಯುವುದಿಲ್ಲ. ಅವತ್ತಿನ ಫಲಿತಾಂಶ ಉಳಿಸಿಕೊಂಡು, ಮುಂದಿನ ವರ್ಷದಿಂದ ಹಾಗೆ ಮಾಡಿದರೆ ಇರುವ ಸುರಕ್ಷತಾ ರೂಲಿನಲ್ಲೇ ಶಿಕ್ಷೆ ಅಂದರು. ಅದು ಸರಿಯಾದ ನಿರ್ಧಾರ. ಗೋಡೆಯ ಆಚೆ ಜನ ಕೂತಿರುತ್ತಾರೆ.

ಸುರಕ್ಷತೆಗೆ ಇವರಿಗೆ ಪೂರ್ತಿ ಮಾರ್ಕ್ಸ್ ಕೊಡುವವನಿದ್ದೆ. 2001ರಲ್ಲಿ ಡೇಟೋನಾ 500ರ ಕೊನೆಯ ಲ್ಯಾಪಿನಲ್ಲಿ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡ ಮೇಲೆ ತಲೆ-ಕತ್ತು ಹಿಡಿದಿಡುವ ಸಾಧನ ಕಡ್ಡಾಯವಾಯಿತು, ಪೆಟ್ಟು ಹೀರುವ ಗೋಡೆಗಳು ಬಂದವು. ಅಲ್ಲಿಂದ ಈಚೆಗೆ ಕಪ್ ರೇಸಿನಲ್ಲಿ ಒಬ್ಬ ಡ್ರೈವರೂ ಸತ್ತಿಲ್ಲ. ಆದರೆ 2022ರಲ್ಲಿ ಎಲ್ಲ ಟೀಮಿಗೂ ತಂದ ಹೊಸ ಮಾದರಿ ಕಾರಿನ ಹಿಂಭಾಗ ತೀರಾ ಗಟ್ಟಿಯಾಗಿತ್ತು, ಪೆಟ್ಟೆಲ್ಲ ಡ್ರೈವರಿಗೇ ತಗಲುತ್ತಿತ್ತು. ಅದನ್ನು ಡ್ರೈವರ್‌ಗಳು ಹೇಳುತ್ತಲೇ ಇದ್ದರು. ಪೊಕೊನೋ ಟ್ರ್ಯಾಕಿನಲ್ಲಿ ಕರ್ಟ್ ಬುಶ್‌ಗೆ ತಲೆಗೆ ಪೆಟ್ಟಾಗಿ ಅವನ ರೇಸಿಂಗೇ ಮುಗಿಯಿತು. ಹಿಂಭಾಗ ಸರಿ ಮಾಡಿದ್ದು 2023ಕ್ಕೆ. ಅದೇ ಕಾರು ಪುಟ್ಟ ಟ್ರ್ಯಾಕಿನಲ್ಲಿ ಹಿಂದಿಕ್ಕಲು ಬಿಡದೆ ಸಾಲಾಗಿ ಮೆರವಣಿಗೆ ಹೋಗುತ್ತಿತ್ತು. ಅದಕ್ಕೂ ವರ್ಷಗಟ್ಟಲೆ ಗೋಗರೆದ ಮೇಲೆ, 2026ಕ್ಕೆ 670 ಕುದುರೆ ಶಕ್ತಿಯನ್ನು ಅಂಥ ಟ್ರ್ಯಾಕುಗಳಿಗೆ 750 ಮಾಡಿದ್ದಾರೆ.

ಹಣದ ಜಗಳ ಇನ್ನೊಂದು. ಪ್ರತಿ ರೇಸಿನಲ್ಲೂ ಜಾಗ ಖಾತ್ರಿ ಮಾಡುವ ಚಾರ್ಟರ್ ಅನ್ನುವುದು 36 ಕಾರುಗಳಿಗೆ ಇದೆ. ಅದರ ಷರತ್ತು ಒಪ್ಪದೆ ಮೈಕೆಲ್ ಜೋರ್ಡನ್, ಹ್ಯಾಮ್ಲಿನ್ ಅವರ 23XI ಟೀಮೂ ಫ್ರಂಟ್ ರೋ ಟೀಮೂ 2024ರಲ್ಲಿ ಕೋರ್ಟಿಗೆ ಹೋದವು. 2025ರ ಡಿಸೆಂಬರ್‌ನಲ್ಲಿ ಷಾರ್ಲೆಟ್‌ನಲ್ಲೇ ವಿಚಾರಣೆ ಶುರುವಾಗಿ, ಅರ್ಧದಲ್ಲಿ ರಾಜಿಯಾಯಿತು. ಚಾರ್ಟರ್ ಈಗ ಕಾಯಂ. ಟೀಮ್ ಮಾಲೀಕ ರಿಚರ್ಡ್ ಚಿಲ್ಡ್ರೆಸ್ ಬಗ್ಗೆ ನ್ಯಾಸ್ಕಾರ್‌ನ ಆಗಿನ ಕಮಿಷನರ್ ಸ್ಟೀವ್ ಫೆಲ್ಪ್ಸ್ ಕೆಟ್ಟದಾಗಿ ಬರೆದು ಕಳಿಸಿದ್ದ ಮೆಸೇಜುಗಳು ಆ ಕೇಸಿನಲ್ಲಿ ಬಯಲಾದವು, ಮರು ತಿಂಗಳೇ ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಮೆಚ್ಚಿದ ಒಂದು ನಿರ್ಧಾರ ಹೇಳಲೇಬೇಕು. 2020ರ ಜೂನ್‌ನಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಅಂತರ್ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ಟ್ರ್ಯಾಕಿನಿಂದ ಹೊರಗಿಟ್ಟರು. ಹಳೇ ಅಭಿಮಾನಿಗಳು ಕೂಗಾಡಿದರು, ಇವರು ಜಗ್ಗಲಿಲ್ಲ. ನಮ್ಮಂಥ ಮುಖದವರು ಮಕ್ಕಳನ್ನು ಕರೆದುಕೊಂಡು ಹೋಗಿ ನೆಮ್ಮದಿಯಾಗಿ ಕೂರಬಹುದು ಅನ್ನಿಸಿದ್ದು ಆಮೇಲೆ.

ಹೋಗುವ ಮನಸ್ಸಿದ್ದವರಿಗೆ: ಮೊದಲ ಸಲಕ್ಕೆ ಮಾರ್ಟಿನ್ಸ್‌ವಿಲ್ ಅಥವಾ ಬ್ರಿಸ್ಟಲ್ ಆರಿಸಿ, ಪುಟ್ಟ ಟ್ರ್ಯಾಕು, ಎಲ್ಲಾ ಕಾರೂ ಯಾವಾಗಲೂ ಕಣ್ಣಿಗೆ ಕಾಣುತ್ತವೆ. ಕೆಳಗಿನ ಸಾಲು ಅಗ್ಗ ಅಂತ ತಗೊಳ್ಳಬೇಡಿ, ಬೇಲಿಯ ತಂತಿ ಬಿಟ್ಟು ಬೇರೇನೂ ಕಾಣದು, ಮೈಮೇಲೆ ಟೈರಿನ ಪುಡಿ ಬೇರೆ. ಮಕ್ಕಳಿಗೆ ಕಿವಿಮುಚ್ಚಿಗೆ ಮನೆಯಿಂದಲೇ ತಗೊಂಡು ಹೋಗಿ. ಪಾಯಿಂಟ್ಸ್ ಲೆಕ್ಕ ಅರ್ಥವಾಗಲಿಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಇನ್ನು ಸ್ವಲ್ಪ ವರ್ಷಕ್ಕೆ ಅದನ್ನೂ ಬದಲಾಯಿಸುತ್ತಾರೆ.