ನ್ಯಾಸ್ಮ್ ರಿವ್ಯೂ: ವಿಂಡೋಸ್ ಅಸೆಂಬ್ಲಿ ಕೋಡನ್ನ ಲಿನಕ್ಸಿಗೆ ತರೋರಿಗೆ

ಚನ್ನಗಿರಿ ಕಡೆ ಅಡಿಕೆ ಗ್ರೇಡಿಂಗ್ ಮಾಡೋ ಕ್ಯಾಮೆರಾ ಮಷಿನ್‌ಗಳಿಗೆ ಸಾಫ್ಟ್‌ವೇರ್ ಬರೆಯೋ ಕೆಲ್ಸ ನಮ್ದು, ದಾವಣಗೆರೆಯಲ್ಲೇ ಕೂತು ಮಾಡ್ತೀವಿ. ಎಲ್ಲಾ ಸಿ++, ಆದ್ರೆ ಬಣ್ಣ ನೋಡಿ ಅಡಿಕೆ ಬೇರೆ ಮಾಡೋ ಒಳಗಿನ ಲೂಪ್ ಮಾತ್ರ ಅಸೆಂಬ್ಲಿಲಿ (ಪ್ರೊಸೆಸರಿನ ಇನ್‌ಸ್ಟ್ರಕ್ಷನ್ನನ್ನೇ ನೇರ ಬರೆಯೋ ಭಾಷೆ) ಇತ್ತು, ಅದೂ ಮೈಕ್ರೋಸಾಫ್ಟಿನ ಅಸೆಂಬ್ಲರ್ ಮ್ಯಾಸ್ಮ್‌ಗೆ ಬರೆದದ್ದು. ಲಿನಕ್ಸಿಗೆ ಹೋಗೋಣ ಅಂದ್ರೆ ಮ್ಯಾಸ್ಮ್ ಲಿನಕ್ಸಿಗೆ ಬೇಕಾದ ಎಲ್ಫ್ ಫೈಲ್ ಕೊಡೋದೇ ಇಲ್ಲ, ಹಂಗಾಗಿ ನ್ಯಾಸ್ಮ್ ಅನ್ನೋ ಇನ್ನೊಂದು ಅಸೆಂಬ್ಲರ್ ಹಿಡಿದ್ವಿ.

ನನಗಂತೂ ಬಹಳ ಹಿಡಿಸ್ತು. ಪುಕ್ಕಟೆ, ಬಿಎಸ್‌ಡಿ ಲೈಸೆನ್ಸು, ಒಂದೇ ಸೋರ್ಸ್ ಫೈಲಿಂದ ವಿನ್64 ಅಂತ ಕೊಟ್ರೆ ವಿಂಡೋಸಿಗೆ, ಎಲ್ಫ್64 ಅಂತ ಕೊಟ್ರೆ ಲಿನಕ್ಸಿಗೆ ಆಬ್ಜೆಕ್ಟ್ ಫೈಲ್ ಕೊಡುತ್ತೆ. ಕಾಲೇಜಿನ 8086 ಲ್ಯಾಬಲ್ಲಿ ಮ್ಯಾಸ್ಮ್ ಕಲಿತವರು ಒಂದು ವಿಷಯ ಮಾತ್ರ ನೆನಪಿಟ್ಕೊಳ್ಳಿ: ಬರೀ ವೇರಿಯಬಲ್ ಹೆಸರು ಹಾಕಿದ್ರೆ ಮ್ಯಾಸ್ಮ್ ಅದರೊಳಗಿನ ಬೆಲೆ ತಗೊಳುತ್ತೆ, ನ್ಯಾಸ್ಮ್ ಅದರ ವಿಳಾಸ ತಗೊಳುತ್ತೆ, ಬೆಲೆ ಬೇಕಂದ್ರೆ ಚೌಕ ಬ್ರಾಕೆಟ್ ಹಾಕ್ಲೇಬೇಕು. ಎಷ್ಟೋ ಕಡೆ ಎರರ್ ಕೊಡದೇ ಅಸೆಂಬಲ್ ಆಗ್ಬಿಡುತ್ತೆ, ಆಮೇಲೆ ಹುಡುಕ್ತಾ ಕೂರ್ಬೇಕು.

ನಿಜವಾದ ಕೆಲ್ಸ ಇರೋದು ಕಾಲಿಂಗ್ ಕನ್ವೆನ್ಷನ್‌ನಲ್ಲಿ, ಅಂದ್ರೆ ಫಂಕ್ಷನ್ ಕರೆಯೋವಾಗ ಬೆಲೆಗಳನ್ನ ಎಲ್ಲಿಟ್ಟು ಕೊಡ್ಬೇಕು, ಯಾವುದನ್ನ ಹಂಗೇ ಉಳಿಸ್ಬೇಕು ಅನ್ನೋ ರೂಲ್ಸಲ್ಲಿ. ವಿಂಡೋಸಲ್ಲಿ ಮೊದಲ ನಾಲ್ಕು ಆರ್ಗ್ಯುಮೆಂಟು ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9 ಅನ್ನೋ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗೆ ಬೆಲೆ ಇಡೋ ಜಾಗಗಳು) ಬರ್ತವೆ, ಲಿನಕ್ಸಲ್ಲಿ ಆರ್‌ಡಿಐ, ಆರ್‌ಎಸ್‌ಐ ಇಂದ ಶುರುವಾಗಿ ಆರು. ಇದು ಎಲ್ರಿಗೂ ಗೊತ್ತಾಗುತ್ತೆ ಬಿಡಿ. ಗೊತ್ತಾಗದೇ ಇರೋದು ಏನಂದ್ರೆ, ನಮ್ಮ ಹಳೇ ಲೂಪು ಪಿಕ್ಸೆಲ್ ಪಾಯಿಂಟರನ್ನ ಆರ್‌ಎಸ್‌ಐಲಿ ಇಟ್ಕೊಂಡು ನಡುವೆ ಒಂದು ಸಿ ಫಂಕ್ಷನ್ ಕರೀತಿತ್ತು, ವಿಂಡೋಸಲ್ಲಿ ಆ ಫಂಕ್ಷನ್ನು ಆರ್‌ಎಸ್‌ಐ, ಆರ್‌ಡಿಐ, ಎಕ್ಸ್‌ಎಂಎಂ6ರಿಂದ 15ರ ತನಕ ಹೆಂಗಿತ್ತೋ ಹಂಗೇ ವಾಪಸ್ ಕೊಡ್ಬೇಕು ಅಂತ ರೂಲ್ಸು, ಲಿನಕ್ಸಲ್ಲಿ ಆ ರೂಲ್ಸೇ ಇಲ್ಲ, ವಾಪಸ್ ಬರೋಷ್ಟ್ರಲ್ಲಿ ಪಾಯಿಂಟರ್ ಎಲ್ಲೋ ಹೋಗಿರುತ್ತೆ. ಜಿಡಿಬಿ ಅನ್ನೋ ಡಿಬಗರಲ್ಲಿ ಕಾಲ್‌ಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ರಿಜಿಸ್ಟರ್ ನೋಡಿದ್ರೆ ಸಿಕ್ಕಿಬೀಳುತ್ತೆ. ಪಾಯಿಂಟರನ್ನ ಆರ್‌ಬಿಎಕ್ಸ್‌ಗೋ ಆರ್12ಕ್ಕೋ ಹಾಕಿ, ಅವು ಎರಡೂ ಕಡೆ ಉಳಿಯುತ್ವೆ, ನೀವು ಮಾತ್ರ ಶುರುವಲ್ಲಿ ಪುಶ್, ಕೊನೇಲಿ ಪಾಪ್ ಮಾಡೋದು ಬಿಡ್ಬೇಡಿ.

ಇದನ್ನೆಲ್ಲ ಕೈಯಲ್ಲೇ ಬರೆಯೋಕಿಂತ ಎಕ್ಸ್264 ಅನ್ನೋ ವಿಡಿಯೋ ಎನ್‌ಕೋಡರ್ ಪ್ರಾಜೆಕ್ಟಿನ ಎಕ್ಸ್86ಇಂಕ್ ಮ್ಯಾಕ್ರೋ ಫೈಲ್ ತಗೊಳ್ಳಿ, ಆರ್ಗ್ಯುಮೆಂಟಿನ ವ್ಯತ್ಯಾಸ ಅದೇ ನೋಡ್ಕೊಳುತ್ತೆ, ವಿಡಿಯೋ ಟೂಲ್ ಎಫ್ಎಫ್ಎಂಪೆಗ್‌ನವರೂ ಅದನ್ನೇ ಬಳಸ್ತಾರೆ. ಲಿನಕ್ಸ್ ಲಿಂಕರ್ ಎಕ್ಸಿಕ್ಯೂಟಬಲ್ ಸ್ಟ್ಯಾಕ್ (ಸ್ಟ್ಯಾಕಲ್ಲಿರೋ ಡೇಟಾನ ಕೋಡಾಗಿ ಓಡಿಸೋಕೆ ಬಿಡೋದು) ಅಂತ ವಾರ್ನಿಂಗ್ ಕೊಟ್ರೆ ಗ್ನೂ-ಸ್ಟ್ಯಾಕ್ ನೋಟ್ ಸೆಕ್ಷನ್ ಒಂದು ಸಾಲು ಸೇರಿಸಿ, ಸುಮ್ನೆ ಬಿಡ್ಬೇಡಿ, ಸೆಕ್ಯುರಿಟಿ ವಿಷಯ ಅದು.

ಇಂಟೆಲ್, ಎಎಂಡಿ ಮಷಿನ್ ಆದ್ರೆ ಕಣ್ಮುಚ್ಚಿ ತಗೊಳ್ಳಿ. ಕಡಿಮೆ ರೇಟಿಗೆ ಸಿಗುತ್ತೆ ಅಂತ ಆರ್ಮ್ ಬೋರ್ಡ್ ಹಾಕೋ ಯೋಚ್ನೆ ಇದ್ರೆ ನ್ಯಾಸ್ಮ್ ಆಗಲ್ಲ, ಆ ಲೂಪನ್ನ ನಿಯಾನ್‌ಗೆ (ಆರ್ಮ್‌ನ ವೆಕ್ಟರ್ ಇನ್‌ಸ್ಟ್ರಕ್ಷನ್‌ಗಳು) ಹೊಸದಾಗೇ ಬರೀಬೇಕು.